ಹೆಬ್ಬೆರಳಿನಿಂದ ತುಟಿಗೆ

ಮೊನ್ನೆ ಪುಣೆಯ ಖರಾಡಿಯ ಸಲೂನೊಂದರಲ್ಲಿ ಕ್ಷೌರ ಮುಗಿಸಿದವನು ನನ್ನ ಕತ್ತಿನ ಹಿಂಭಾಗವನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ. ಆ ತಣ್ಣನೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಕೂತ ಕುರ್ಚಿಯಲ್ಲೇ ನಾನು ಆಸ್ಪತ್ರೆಯ ಒಂದು ಇಕ್ಕಟ್ಟಾದ ಕೋಣೆಗೆ ಹೋಗಿಬಿಟ್ಟೆ. ಅಲ್ಲಿ ಒಬ್ಬಾಕೆ ನನ್ನ ಅಣ್ಣನ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ಚರ್ಮವನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ, ಒಂದೊಂದಾಗಿ ವೈರುಗಳ ತುದಿಯನ್ನು ಅಂಟಿಸುತ್ತಿದ್ದಳು. ತನ್ನ ತಲೆಗೆ ಮದುವೆಯ ದಿನವೂ ಇಷ್ಟು ಉಪಚಾರ ಸಿಕ್ಕಿರಲಿಲ್ಲ ಎಂದು ಅಣ್ಣಯ್ಯ ಮರಾಠಿಯಲ್ಲಿ ಹೇಳಿ ಆಕೆಯನ್ನು ನಗಿಸಿದ್ದ. ಹೊರಗೆ ಪುಣೆಯ ಮೊದಲ ಮಳೆ ಬೀಳುತ್ತಿತ್ತು. ಆ ಮಳೆಗಾಲದಿಂದ ಮುಂದಿನ ಮಳೆಗಾಲದವರೆಗಿನ ವರ್ಷ ನಮ್ಮ ಮನೆಯಲ್ಲಿ ಬೇರೆ ಯಾವ ವರ್ಷದ ಹಾಗೂ ಇರಲಿಲ್ಲ.

ಅಣ್ಣಯ್ಯ ನನಗಿಂತ ತುಂಬ ದೊಡ್ಡವನು. ಉಡುಪಿಯ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಪುಣೆಗೆ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಕೋಥರೂಡಿನಲ್ಲಿ ತನ್ನದೇ ಒಂದು ಸಣ್ಣ ಹೋಟೆಲು ಹಾಕಿದವನು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡು ಕಾಲೇಜು ಓದಿಸಿದ. ಓದು ಮುಗಿಸಿ ನಾನು ಅವನ ಜೊತೆಗೇ ನಿಂತೆ. ಅವನು ಗಲ್ಲಾದಲ್ಲಿ ಕೂತರೆ ಹೋಟೆಲಿಗೊಂದು ಕಳೆ. ಕನ್ನಡ, ತುಳು, ಮರಾಠಿ, ಹಿಂದಿ, ಅರ್ಧಂಬರ್ಧ ಗುಜರಾತಿ, ಎಲ್ಲವೂ ಅವನ ಬಾಯಲ್ಲಿ ಒಂದೇ ಮಾತಿನ ಹಾಗೆ ಬರುತ್ತಿದ್ದವು. ಸುತ್ತಲಿನ ಸೊಸೈಟಿಗಳ ಪೆನ್ಷನ್‌ದಾರರು ಬೆಳಗಿನ ವಾಕಿಂಗ್ ಮುಗಿಸಿ ಬರುತ್ತಿದ್ದುದು ಇಡ್ಲಿಗಿಂತ ಹೆಚ್ಚಾಗಿ ಅವನ ಜೊತೆ ಹರಟಲಿಕ್ಕೆ. ಯಾರ ಮಗಳ ಮದುವೆ ಎಲ್ಲಿಗೆ ಬಂತು, ಯಾರಿಗೆ ಕಣ್ಣಿನ ಆಪರೇಷನ್ ಆಯಿತು, ಎಲ್ಲ ಅವನಿಗೆ ನೆನಪಿರುತ್ತಿತ್ತು.

ಎಷ್ಟೇ ದೊಡ್ಡವನಾದರೂ ಬೆಳಗಿನ ಸಾಂಬಾರಿಗೆ ಒಗ್ಗರಣೆ ತಾನೇ ಹಾಕಬೇಕು ಎಂಬುದೊಂದು ಹಟ ಅವನಿಗಿತ್ತು. ಆ ಬೇಸಗೆಯಲ್ಲಿ ಅದನ್ನು ಒಮ್ಮೆಲೇ ಅಡುಗೆಯವನಿಗೆ ಬಿಟ್ಟುಕೊಟ್ಟ. ಕತ್ತಿನ ನರ ಹಿಡಿದಿದೆ, ಕೈ ಸೋಲುತ್ತದೆ ಎಂದ. ವರ್ಷಗಟ್ಟಲೆ ನಿಂತು ದುಡಿದವನ ಕತ್ತಿನ ನರ ಹಿಡಿದರೆ ಆಶ್ಚರ್ಯವೇನು ಎಂದು ನಾವೂ ಸುಮ್ಮನಾದೆವು. ಅವನ ಬಲ ಮಣಿಕಟ್ಟಿನ ಮೇಲೆ ಕಾದ ಎಣ್ಣೆ ಬಿದ್ದ ಗುರುತೊಂದು ಮೂಡಿತ್ತು. ಅತ್ತಿಗೆ ಮಾತ್ರ ಅದಕ್ಕೆ ಬರ್ನಾಲ್ ಹಚ್ಚುತ್ತ, ಇಷ್ಟು ವರ್ಷದಲ್ಲಿ ಇವರ ಕೈ ತಪ್ಪಿದ್ದು ನಾನು ಕಂಡಿಲ್ಲ ಎಂದಿದ್ದರು.

ಮಳೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ನಾವಿಬ್ಬರೂ ತರಕಾರಿಗೆಂದು ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆವು. ನಾನು ಈರುಳ್ಳಿ ಆರಿಸುತ್ತಿದ್ದೆ. ಅವನು ಪಕ್ಕದ ಅಂಗಡಿಯಲ್ಲಿ ಎಲೆಕೋಸಿನ ದರ ಮಾತಾಡುತ್ತಿದ್ದ. ಮಾತು ನಿಂತದ್ದು ನನಗೆ ಗೊತ್ತಾಗಲಿಲ್ಲ. ಯಾರೋ ಕೂಗಿದ್ದು ಕೇಳಿ ತಿರುಗಿದಾಗ ಅಣ್ಣಯ್ಯ ಎಲೆಕೋಸಿನ ರಾಶಿಯ ಮೇಲೆ ಬಿದ್ದು, ಹಲ್ಲು ಕಚ್ಚಿದ್ದ; ಮೈಯೆಲ್ಲ ಕುಣಿಯುತ್ತಿತ್ತು. ಯಾದಗಿರಿ ಕಡೆಯ ಹಮಾಲರು ಓಡಿಬಂದರು. ಒಬ್ಬ ಒಡೆದ ಈರುಳ್ಳಿಯನ್ನು ಮೂಗಿಗೆ ಹಿಡಿದ, ಇನ್ನೊಬ್ಬ ಕಬ್ಬಿಣದ ಬೀಗದ ಕೈಯನ್ನು ಮುಷ್ಟಿಗೆ ತುರುಕಿದ. ನಾನು ಅಣ್ಣಯ್ಯನ ತಲೆ ಹಿಡಿದುಕೊಂಡೆ. ಅವನ ಬಾಯಿಂದ ರಕ್ತ ಬರುತ್ತಿತ್ತು, ನಾಲಿಗೆ ಕಚ್ಚಿಕೊಂಡಿದ್ದ. ಎಚ್ಚರವಾದ ಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ನೋಡಿದ. ಬಿಟ್ಟರೆ ಅದು ತೊಪ್ಪೆಂದು ಬೀಳುತ್ತಿತ್ತು. ಸಂಜೆಯವರೆಗೂ ಅದು ಹಾಗೆಯೇ ಇದ್ದು, ಆಮೇಲೆ ನಿಧಾನವಾಗಿ ಸರಿಹೋಯಿತು.

ನಾವು ಕಂಡ ನರರೋಗದ ವೈದ್ಯೆ ವಿಜಯಪುರದ ಕಡೆಯವರು. ನಮ್ಮ ಕನ್ನಡ ಕೇಳಿ ಖುಷಿಪಟ್ಟರು; ಆದರೆ ಕೇಳುವುದನ್ನು ಬಿಗಿಯಾಗಿಯೇ ಕೇಳಿದರು. ಅವನು ಬಿದ್ದದ್ದು, ನೊರೆ ಬಂದದ್ದು, ಮೈ ಕುಣಿದದ್ದು ಎಲ್ಲವನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಪೆನ್ನು ಕೆಳಗಿಟ್ಟರು.

"ಇದೆಲ್ಲಾ ಕಡೀಗಿ ಆಗಿದ್ದರಿ. ಬೆಂಕಿ ಊರ ತುಂಬ ಹಬ್ಬಿದ ಮ್ಯಾಲೆ ನೋಡಿದರ ಯಾವ ಮನಿಯಿಂದ ಹತ್ತಿತು ಅಂತ ಗೊತ್ತಾಗೂದಿಲ್ಲ. ಮೊಟ್ಟಮೊದಲ ಏನಾತು, ಅದು ಬೇಕು ನನಗ."

ಅದು ನನಗೆ ಗೊತ್ತಿರಲಿಲ್ಲ. ಅವರು ಅಣ್ಣಯ್ಯನ ಕಡೆ ತಿರುಗಿದರು. ಅವನು ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಮುಖ ನೋಡಿದ.

"ಹೆಬ್ಬೆರಳು," ಎಂದ. "ಬಲಗೈದು. ನಾನು ಹೇಳದೆ ಅದು ಹಂದಾಡ್ಲಿಕ್ಕೆ ಶುರು ಮಾಡ್ತದೆ."

ಆಮೇಲೆ ಒಂದೊಂದಾಗಿ ಹೊರಬಂತು. ಅದು ಆವತ್ತೇ ಮೊದಲಲ್ಲ. ಯುಗಾದಿಯ ಮುಂಚಿನಿಂದಲೇ ಆಗಾಗ ಹೀಗಾಗುತ್ತಿತ್ತು. ಹೆಬ್ಬೆರಳು ಪಟಪಟನೆ ಒಳಕ್ಕೆ ಎಳೆಯುವುದು, ಅಲ್ಲಿಂದ ಉಳಿದ ಬೆರಳು, ಮಣಿಕಟ್ಟು. ಕೆಲವೊಮ್ಮೆ ಬಾಯಿಯ ಬಲಮೂಲೆಯೂ ಸೆಳೆಯುವುದು. ಆಗ ಮಾತು ಬರುತ್ತಿರಲಿಲ್ಲ. ಎದುರಿಗಿನವರು ಹೇಳುವುದೆಲ್ಲ ಕೇಳುತ್ತದೆ, ತಿಳಿಯುತ್ತದೆ, ಹೇಳಬೇಕಾದ ಉತ್ತರವೂ ತಲೆಯಲ್ಲಿದೆ, ಬಾಯಿ ಮಾತ್ರ ಕೊಡುವುದಿಲ್ಲ. ಅಂಥ ಹೊತ್ತಿನಲ್ಲಿ ಅವನು ಕೆಮ್ಮು ಬಂದವನ ಹಾಗೆ ಮುಖಕ್ಕೆ ಕರವಸ್ತ್ರ ಹಿಡಿದು ಒಳಗೆ ಹೋಗುತ್ತಿದ್ದನಂತೆ. ಒಗ್ಗರಣೆಯ ಸೌಟು ಕೈಯಿಂದ ಹಾರಿದ್ದೂ ಹೀಗೆಯೇ. ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

ವೈದ್ಯೆ ತಮ್ಮದೇ ತಲೆಯ ಮೇಲೆ, ಎಡಗಿವಿಯಿಂದ ನೆತ್ತಿಯ ಕಡೆಗೆ ಹೋಗುವ ದಾರಿಯ ನಡುವೆ, ಎರಡು ಬೆರಳಿಟ್ಟು ತೋರಿಸಿದರು. ಇಲ್ಲೇ ಎಲ್ಲೋ ಇರಬೇಕು ಎಂದರು. ಆಗಿನ್ನೂ ಮಿದುಳಿನ ಯಾವ ಫೋಟೋವೂ ತೆಗೆದಿರಲಿಲ್ಲ. ಹೇಗೆ ಎಂದು ನಾನು ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಬಲಮೈಯನ್ನು ಆಡಿಸುವುದು ಎಡಮಿದುಳು. ಅದರ ಮೇಲೆ ಒಂದು ಪಟ್ಟಿಯಲ್ಲಿ ಇಡೀ ಮೈ ತಲೆಕೆಳಗಾಗಿ ಮಲಗಿದಂತಿದೆ. ಕಾಲು ನೆತ್ತಿಯ ಹತ್ತಿರ, ಅದರ ಕೆಳಗೆ ತೋಳು, ಅಂಗೈ, ಬೆರಳು. ಹೆಬ್ಬೆರಳಿಗೆ ಅಂಟಿಕೊಂಡೇ ಮುಖ, ತುಟಿ, ನಾಲಿಗೆ. ಮೈಯಲ್ಲಿ ಹೆಬ್ಬೆರಳಿಗೂ ತುಟಿಗೂ ಒಂದು ತೋಳಿನಷ್ಟು ದೂರ. ಅಲ್ಲಿ ಅವು ನೆರೆಮನೆಯವರು. ಫಿಟ್ಸು ಹೆಬ್ಬೆರಳಿನಲ್ಲಿ ಶುರುವಾದರೆ ಕೆರಳಿದ ಜಾಗ ಹೆಬ್ಬೆರಳಿನದು. ಅಲ್ಲಿಂದ ತುಟಿಗೆ ಹೋದರೆ ಅದು ಪಕ್ಕದ ಮನೆಗೆ ದಾಟಿತು ಎಂದರ್ಥ. ಬಿದ್ದೆದ್ದ ಮೇಲೆ ಸೋತದ್ದೂ ಅದೇ ಕೈ. ಅದೂ ಸಾಕ್ಷಿಯೇ.

ತಲೆಗೆ ವೈರು ಅಂಟಿಸಿ ಮಿದುಳಿನ ಅಲೆಗಳನ್ನು ನೋಡುವ ಪರೀಕ್ಷೆ ಆಯಿತು, ಮಿದುಳಿನ ಎಂಆರ್‌ಐ ಆಯಿತು. ವೈದ್ಯೆ ಬೆರಳಿಟ್ಟ ಜಾಗದಲ್ಲೇ, ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದೊಂದು ಗಡ್ಡೆ ಇತ್ತು. ಅದನ್ನು ಪರದೆಯ ಮೇಲೆ ನೋಡಿದಾಗ ನನಗೆ ಗಡ್ಡೆಗಿಂತ ಹೆಚ್ಚು ಭಯವಾದದ್ದು ಆ ಹೆಬ್ಬೆರಳಿನ ಬಗ್ಗೆ. ನಾವೆಲ್ಲ ನಗುತ್ತ ತಿನ್ನುತ್ತ ಇದ್ದ ತಿಂಗಳುಗಳಲ್ಲಿ ಅದು ಒಂದೇ ಒಂದು ಸುದ್ದಿಯನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಕೇಳಿಸಿಕೊಂಡವನು ಅಣ್ಣಯ್ಯನೊಬ್ಬ, ಅವನಿಗೂ ಅದರ ಭಾಷೆ ತಿಳಿದಿರಲಿಲ್ಲ.

ಶಸ್ತ್ರಚಿಕಿತ್ಸಕರು ಮುಚ್ಚುಮರೆಯಿಲ್ಲದೆ ಮಾತಾಡಿದರು. ಗಡ್ಡೆ ಒಂದು ಬದಿಯಲ್ಲಿ ಕೈಯ ಜಾಗಕ್ಕೆ, ಇನ್ನೊಂದು ಬದಿಯಲ್ಲಿ ಮಾತಿನ ಜಾಗಕ್ಕೆ ತಾಗಿದೆ. ಪೂರ್ತಿ ತೆಗೆಯಲು ಹೋದರೆ ಕೈ ಹೋಗುವುದು ಬಹುಮಟ್ಟಿಗೆ ಖಂಡಿತ, ಮಾತೂ ಹೋಗಬಹುದು. ಅಂಚು ಬಿಟ್ಟು ತೆಗೆದರೆ ಉಳಿದದ್ದು ಮತ್ತೆ ಬೆಳೆಯಬಹುದು. ಪೂರ್ತಿ ತೆಗೆದೆವು ಎಂದುಕೊಂಡರೂ ಬೆಳೆಯುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಎಷ್ಟು ದೂರ ಹೋಗಬೇಕೆಂದು ನೀವೇ ಯೋಚಿಸಿ ಹೇಳಿ ಎಂದರು.

ಆ ವಾರ ಮನೆಯಲ್ಲಿ ನಡೆದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. ಮಳೆ ಬಿಡದೆ ಸುರಿಯುತ್ತಿತ್ತು. ಬಾಲ್ಕನಿಯ ಬಟ್ಟೆಗಳೆಲ್ಲ ಒಳಗೆ ಬಂದು ಕುರ್ಚಿಗಳ ಮೇಲೆ ಒಣಗುತ್ತಿದ್ದವು. ಅಣ್ಣಯ್ಯ ಮೊದಲೇ ನಿರ್ಧರಿಸಿಬಿಟ್ಟಿದ್ದ. ಕೈ ಬೇಕಾದರೆ ಹೋಗಲಿ, ಮಾತಿಗೆ ಕೈ ಹಾಕುವುದು ಬೇಡ ಎಂದ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದರು:

"ಮಾತು ಹೋದ್ರೆ ಹೋಗ್ಲಿ. ನೀವು ಕೂತಲ್ಲಿ ಕೂತಿದ್ರೆ ಸಾಕು ನನಗೆ. ಪೂರ್ತಿ ತೆಗೀಲಿಕ್ಕೆ ಹೇಳಿ."

"ಮಾತಿಲ್ಲದೆ ಕೂತವನು ನಾನಲ್ಲ ವನಜಾ," ಎಂದ ಅಣ್ಣಯ್ಯ. "ಅದು ನನ್ನ ಅಂಗಿ ಹಾಕಿದ ಬೇರೆ ಯಾರೋ."

"ಆ ಬೇರೆಯವರನ್ನೇ ನಾನು ನೋಡಿಕೊಳ್ತೇನೆ," ಎಂದರು ಅತ್ತಿಗೆ. ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ತಲೆ ಅವನದು, ಅವನು ಹೇಳಿದ ಹಾಗೆಯೇ ಆಗಲಿ ಎಂದೆ. ಅತ್ತಿಗೆ ಒಳಗೆ ಹೋಗಿ ನಲ್ಲಿ ಬಿಟ್ಟು ತುಂಬ ಹೊತ್ತು ಪಾತ್ರೆ ತೊಳೆದರು.

ಎಚ್ಚರದಲ್ಲೇ ಇಟ್ಟು ಮಾಡುವ ಆಪರೇಷನ್ ಅದು. ತಲೆ ತೆರೆದ ಮೇಲೆ ರೋಗಿಗೆ ಚಿತ್ರಗಳನ್ನು ತೋರಿಸುತ್ತ ಹೋಗುತ್ತಾರೆ, ಅವನು ಹೆಸರು ಹೇಳುತ್ತಿರಬೇಕು. ವಿದ್ಯುತ್ತಿನ ಕಡ್ಡಿಯನ್ನು ಎಲ್ಲಿ ಮುಟ್ಟಿಸಿದಾಗ ಮಾತು ತಡೆಯುತ್ತದೋ ಆ ಜಾಗವನ್ನು ಬಿಟ್ಟುಬಿಡುತ್ತಾರೆ. ಅದಕ್ಕೆ ಮುಂಚೆ ಚಿತ್ರಗಳ ಅಭ್ಯಾಸ ಆಗಬೇಕು. ಮಾತಿನ ಚಿಕಿತ್ಸೆಯ ಮರಾಠಿ ಹುಡುಗಿಗೆ ಕನ್ನಡ ಬಾರದು. ಅಣ್ಣಯ್ಯ ಒಂದೊಂದು ಚಿತ್ರಕ್ಕೆ ಹೇಳಿದ ಹೆಸರನ್ನು ನಾನು ಮತ್ತೆ ಹೇಳಿದರೆ ಅವಳು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕಸಬರಿಕೆಯ ಚಿತ್ರಕ್ಕೆ ಅವನು "ಹಿಡಿಸೂಡಿ" ಎಂದ. ಕೊಡೆಯ ಚಿತ್ರಕ್ಕೆ ಒಮ್ಮೆ "ಕೊಡೆ", ಇನ್ನೊಮ್ಮೆ "ಛತ್ರಿ" ಎಂದ. ಆಗ ಅವಳು ಕಳವಳದಿಂದ, ಆಪರೇಷನ್ ಟೇಬಲ್ಲಿನ ಮೇಲೆ ಹೀಗೆ ಹೇಳಿದರೆ ತಪ್ಪೆಂದು ಹಿಡಿಯಬೇಕೇ ಸರಿಯೆಂದು ಬಿಡಬೇಕೇ ಎಂದು ನನ್ನನ್ನು ಕೇಳಿದಳು. ನಮ್ಮ ಮನೆಯಲ್ಲಿ ಎರಡೂ ಸರಿಯೇ ಎಂದೆ. ಅವಳು ಎರಡನ್ನೂ ಬರೆದುಕೊಂಡಳು.

ಶ್ರಾವಣದಲ್ಲಿ ಆಪರೇಷನ್ ಆಯಿತು. ನಾವು ಹೊರಗೆ ಕಾದೆವು. ಅತ್ತಿಗೆ ಬೆಳಗಿನಿಂದ ನೀರನ್ನೂ ಮುಟ್ಟಿರಲಿಲ್ಲ. ಮರುದಿನ ಐಸಿಯುವಿನಲ್ಲಿ ಅಣ್ಣಯ್ಯನ ತಲೆಗೆ ಬಿಳಿ ಪಟ್ಟಿ, ಮುಖ ಬಾತಿತ್ತು. ನಾನು ಹತ್ತಿರ ಹೋದಾಗ ಅವನು ಪಿಸುಗುಟ್ಟಿದ ಮೊದಲ ಮಾತು, ಅಡುಗೆಯವನು ರಜೆ ಕೇಳಿದ್ದ, ಕೊಟ್ಟೆಯಾ ಎಂದು. ಅತ್ತಿಗೆ ಗೋಡೆಗೆ ಮುಖ ಮಾಡಿ ಅತ್ತರು.

ಒಳಗೆ ನಡೆದದ್ದನ್ನು ಅವನು ಆಮೇಲೆ ಎಷ್ಟೋ ಸಲ ಹೇಳಿದ. ನೋವಿರಲಿಲ್ಲ, ಬಡಗಿ ಕೆಲಸ ಮಾಡುವ ಸದ್ದು ಮಾತ್ರ ಇತ್ತಂತೆ. ಕಡ್ಡಿ ಮುಟ್ಟಿಸುತ್ತ ಹೋದಾಗ ಒಂದು ಕಡೆ ಅವನ ಹೆಬ್ಬೆರಳು ತಾನಾಗಿ ಪಟಪಟ ಎಳೆಯಿತಂತೆ, ಯುಗಾದಿಗೂ ಮುಂಚಿನಿಂದ ಎಳೆಯುತ್ತಿದ್ದ ಹಾಗೆಯೇ. "ಅದೇ ಮಾರಾಯ, ಒಂದಿಷ್ಟೂ ಬದಲಿಲ್ಲ," ಎನ್ನುವಾಗ ಅವನ ದನಿಯಲ್ಲಿ ಏನೋ ಒಂದು ಬಗೆಯ ಗೌರವವಿತ್ತು. ಸ್ವಲ್ಪ ಕೆಳಗೆ ಮುಟ್ಟಿಸಿದಾಗ ಏಣಿಯ ಚಿತ್ರ ಕಣ್ಣ ಮುಂದಿದ್ದೂ ಏಣಿ ಎನ್ನಲಾಗಲಿಲ್ಲವಂತೆ. ಅಲ್ಲಿಗೆ ನಿಲ್ಲಿಸಿದರು. ಆ ಅಂಚನ್ನು ಬಿಟ್ಟರು.

ಗಡ್ಡೆಯ ವರದಿ ಒಳ್ಳೆಯದಾಗಿ ಬರಲಿಲ್ಲ, ತೀರ ಕೆಟ್ಟದಾಗಿಯೂ ಬರಲಿಲ್ಲ. ರೇಡಿಯೇಷನ್ನಿನ ಕರೆಂಟು ಕೊಟ್ಟರು, ಮಾತ್ರೆ ಕೊಟ್ಟರು. ಬಲಗೈಯ ಬಲ ಅರ್ಧಕ್ಕರ್ಧ ಹೋಗಿತ್ತು. ಎಡಗೈಯಲ್ಲಿ ಸೌಟು ಹಿಡಿಯಲು ಕಲಿತ. ಒಗ್ಗರಣೆ ಮತ್ತೆ ಅವನದಾಯಿತು. ಗಣಪತಿ ಹಬ್ಬಕ್ಕೆ ನದಿಯ ದಂಡೆಯಲ್ಲಿ ಢೋಲಿನ ತಾಲೀಮು ಜೋರಾಗಿತ್ತು. ಆ ಸದ್ದಿಗೆ ಮತ್ತೆ ಫಿಟ್ಸು ಬಂದರೆ ಎಂದು ಅತ್ತಿಗೆ ಕಿಟಕಿ ಮುಚ್ಚಿಸುತ್ತಿದ್ದರು. ಏನೂ ಆಗಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಟೋಪಿ ಹಾಕಿಕೊಂಡು ಗಲ್ಲಾದಲ್ಲಿ ಕೂತ. ಪೆನ್ಷನ್‌ದಾರರು ಒಬ್ಬೊಬ್ಬರಾಗಿ ಬಂದು ಆಪರೇಷನ್ನಿನ ಕತೆ ಕೇಳಿದರು. ಚಳಿಗಾಲವೆಲ್ಲ ಅವನು ಅದನ್ನೇ ಬೇರೆ ಬೇರೆ ಭಾಷೆಗಳಲ್ಲಿ ಹೇಳಿದ. ಎಲ್ಲ ಮುಗಿಯಿತು ಎಂದುಕೊಳ್ಳಲು ನನಗೆ ಧೈರ್ಯವಿರಲಿಲ್ಲ, ಆದರೂ ಹಾಗೆಯೇ ಅಂದುಕೊಂಡಿದ್ದೆ. ಅವನ ಬಲಗೈ ಮೇಜಿನ ಮೇಲಿದ್ದರೆ ಮಾತ್ರ ನನ್ನ ಕಣ್ಣು ತಾನಾಗಿ ಆ ಹೆಬ್ಬೆರಳಿಗೆ ಹೋಗುತ್ತಿತ್ತು.

ಚಳಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ, ಊಟದವರೆಲ್ಲ ಹೋದ ಮೇಲೆ, ಅವನು ಗಲ್ಲಾದಲ್ಲಿ ಕೂತು ನನಗೆ ಏನೋ ಹೇಳುತ್ತಿದ್ದ. ಮಾತು ನಡುವೆ ನಿಂತಿತು. ನಾನು ಕೂಡಲೇ ಕೈ ನೋಡಿದೆ. ಹೆಬ್ಬೆರಳು ಸುಮ್ಮನೆ ಬಿದ್ದಿತ್ತು. ಒಂದು ಕ್ಷಣ ಸಮಾಧಾನವಾಯಿತು. ತಲೆಯೆತ್ತಿ ನೋಡಿದರೆ ಅವನ ತುಟಿಯ ಬಲಮೂಲೆ ಸಣ್ಣಗೆ, ಒಂದೇ ಸಮನೆ ಎಳೆಯುತ್ತಿತ್ತು. ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು. ಅವನಿಗೆ ಪೂರ್ತಿ ಎಚ್ಚರವಿತ್ತು. ಅವನೂ ನಿಧಾನವಾಗಿ ಕಣ್ಣಿಳಿಸಿ ತನ್ನ ಕೈಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ತುಟಿಯಿಂದ ಕೆನ್ನೆಗೆ ಹೋಗಿ, ಆಮೇಲೆ ಹೆಬ್ಬೆರಳು ಒಂದೆರಡು ಸಲ ಎಳೆದು, ನಿಂತಿತು. ಈ ಸಲ ಪಕ್ಕದ ಮನೆಯಿಂದ ಶುರುವಾಗಿತ್ತು. ನಮ್ಮಿಬ್ಬರಿಗೂ ಅದು ಗೊತ್ತಾಯಿತು. ಮಾತು ಮರಳಿದ ಮೇಲೆ ಅವನು, ಈಗಲೇ ವನಜಳಿಗೆ ಹೇಳಬೇಡ ಎಂದ.

ವೈದ್ಯೆ ಮೊದಲಿನಂತೆಯೇ ಕೇಳಿದರು: "ಮೊದಲ ಏನಾತ್ರಿ ಅಣ್ಣಾರ?"

"ತುಟಿ," ಎಂದ ಅಣ್ಣಯ್ಯ.

ಅವರು ಫೈಲಿನ ಮೇಲೆ ಕಣ್ಣಿಟ್ಟರು. ಹೀಗಾದ ಮಾತ್ರಕ್ಕೆ ಅದು ಬೆಳೆದಿದೆ ಅಂತಲೇ ಅಲ್ಲ, ಗಾಯದ ಕಲೆಯಿಂದಲೂ ಆಗುತ್ತದೆ, ಸ್ಕ್ಯಾನ್ ಮಾಡಿ ನೋಡೋಣ ಎಂದರು. ಅವರು ನಮ್ಮ ಮುಖ ನೋಡಿ ಹೇಳಿದ್ದರೆ ನಾನು ನಂಬುತ್ತಿದ್ದೆನೇನೋ. ಸ್ಕ್ಯಾನಿನಲ್ಲಿ, ಬಿಟ್ಟ ಅಂಚಿನಿಂದ ಅದು ಕೆಳಗಿಳಿದು ಮಾತಿನ ಜಾಗದ ಒಳಕ್ಕೇ ಹೋಗಿತ್ತು. ಮೊದಲಿಗಿಂತ ಉಗ್ರವಾದ ಜಾತಿಗೆ ತಿರುಗಿತ್ತು. ಇನ್ನೊಮ್ಮೆ ತೆರೆದರೆ ಉಪಯೋಗಕ್ಕಿಂತ ಹಾನಿಯೇ ಹೆಚ್ಚು ಎಂದರು. ಅತ್ತಿಗೆಗೆ ಇನ್ನು ಹೇಳದಿರಲಾಗಲಿಲ್ಲ; ಅವರೂ ಬಂದು, ಮೊದಲೇ ಪೂರ್ತಿ ತೆಗೆದಿದ್ದರೆ ಎಂದು ಕೇಳಿದರು. ವೈದ್ಯೆ ಅವರ ಕೈ ಹಿಡಿದುಕೊಂಡು, "ಗೊತ್ತಿಲ್ಲರೀ ಅಕ್ಕಾರ. ಗೊತ್ತದ ಅಂದರ ಸುಳ್ಳ ಹೇಳಿದಂಗ ಆಗ್ತದ," ಎಂದರು.

ಮಾತು ಹೇಗೆ ಹೋಯಿತು, ಯಾವ ಭಾಷೆ ಮೊದಲು ಹೋಯಿತು ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಹಾಗೆ ಸಾಲಾಗಿ ಹೋಗಲಿಲ್ಲ. ಒಂದು ದಿನ ಮರಾಠಿಯಲ್ಲಿ ಸಿಕ್ಕಿದ್ದು ಕನ್ನಡದಲ್ಲಿ ಸಿಗುತ್ತಿರಲಿಲ್ಲ, ಮರುದಿನ ತಿರುಗಮುರುಗ. ಮೊದಲು ವಸ್ತುಗಳ ಹೆಸರು ಜಾರಿದವು. "ಅದು, ಅದು" ಎಂದು ಬೆರಳು ತೋರಿಸುತ್ತಿದ್ದ. ಒಬ್ಬರು ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಗಲ್ಲಾದ ಮುಂದೆ ನಿಂತು ತಮ್ಮ ಮೊಮ್ಮಗಳ ವಿಷಯ ಹೇಳಿದಾಗ ಅಣ್ಣಯ್ಯ ಉತ್ತರಕ್ಕೆ ತಡಕಾಡಿ ಕೊನೆಗೆ ಸಂಬಂಧವಿಲ್ಲದ ಏನೋ ಅಂದ. ಮೇಷ್ಟ್ರು ಅರ್ಥವಾದವರ ಹಾಗೆ ತಲೆದೂಗಿ, ಅವನ ಭುಜ ತಟ್ಟಿ ಹೋದರು. ಅವರು ರಸ್ತೆ ದಾಟುವವರೆಗೂ ನೋಡುತ್ತಿದ್ದು, ಅಣ್ಣಯ್ಯ ಗಲ್ಲಾದ ಕೀಲಿಯನ್ನು ನನ್ನ ಮುಂದಿಟ್ಟ. ಆಮೇಲೆ ಅವನು ಹೋಟೆಲಿಗೆ ಬರಲಿಲ್ಲ.

ಮೇ ತಿಂಗಳ ಉರಿಯಲ್ಲಿ ಅವನು ಹಾಸಿಗೆ ಹಿಡಿದ. ಬಲಮೈ ಪೂರ್ತಿ ಸೋತಿತು. ಫಿಟ್ಸು ದಿನವೂ ಬರತೊಡಗಿತು, ಬಹಳ ಸಲ ತುಟಿಯಲ್ಲೇ ಶುರುವಾಗಿ ತುಟಿಯಲ್ಲೇ ಮುಗಿಯುತ್ತಿತ್ತು. ಅವನು ಮಾತಾಡುತ್ತಿದ್ದಾನೆಂದು ದೂರದಿಂದ ಅನ್ನಿಸುತ್ತಿತ್ತು; ಹತ್ತಿರ ಹೋದರೆ ಸದ್ದಿರುತ್ತಿರಲಿಲ್ಲ. ನಾವು ಹೇಳುವುದು ಮಾತ್ರ ಅವನಿಗೆ ಕಡೆಯವರೆಗೂ ತಿಳಿಯುತ್ತಿತ್ತು. ಅಡುಗೆಯವನು ಮಾಡಿದ ಅವಾಂತರ ಹೇಳಿದರೆ ಮುಖದ ಎಡಭಾಗ ನಗುತ್ತಿತ್ತು.

ಆಗಲೇ ಅತ್ತಿಗೆ ಮಾತಾಡಲು ಶುರುಮಾಡಿದ್ದು. ಅವರು ಮದುವೆಯಾಗಿ ಬಂದಾಗಿನಿಂದ ಮಾತು ಕಡಿಮೆ. ಮನೆಯಲ್ಲಿ ಮಾತಿನ ಪಾಲೆಲ್ಲ ಅಣ್ಣಯ್ಯನದೇ. ಅವರದು ಹೂಂ ಮತ್ತು ಉಹೂಂ. ಈಗ ಬೆಳಿಗ್ಗೆ ಅವನ ಮೈ ಒರೆಸುವಾಗ ತೊಡಗಿದರೆ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಕೆಳಗಿನ ಮನೆಯವರ ಜಗಳ, ಬಸ್ಸಿನಲ್ಲಿ ಸಿಕ್ಕಿದವಳು, ಹಾಲಿನವನು ಹೇಳಿದ್ದು. ಅದು ಮುಗಿದರೆ ತಮ್ಮ ಬಾಲ್ಯ. ಅವರಿಗೆ ಒಬ್ಬ ಅಣ್ಣನಿದ್ದು ಹೊಳೆಯಲ್ಲಿ ಮುಳುಗಿ ಹೋದ ಎಂಬುದು ನನಗೆ ಆಗ ಗೊತ್ತಾಯಿತು. ಅಣ್ಣಯ್ಯನಿಗೂ ಆಗಲೇ ಗೊತ್ತಾದದ್ದಿರಬೇಕು. ಅವನ ಎಡಗೈ ಮೆಲ್ಲನೆ ಹಾಸಿಗೆಯ ಮೇಲೆ ಅವರ ಕೈ ಹುಡುಕಿದ್ದನ್ನು ಬಾಗಿಲಿನಿಂದ ಕಂಡು ನಾನು ಹಿಂದೆ ಸರಿದೆ.

ಮಳೆ ಮತ್ತೆ ಬಂದ ಮೇಲೆ, ಒಂದು ಮಧ್ಯಾಹ್ನ, ನಾನು ಹೋಟೆಲಿನಿಂದ ಊಟಕ್ಕೆ ಬಂದಿದ್ದೆ. ಕೋಣೆಯಿಂದ ಅತ್ತಿಗೆಯ ದನಿ ಕೇಳುತ್ತಿತ್ತು. ತಮ್ಮ ಅಜ್ಜಿಯ ಜೊತೆ ದೋಣಿಯಲ್ಲಿ ಚಿಕ್ಕಮ್ಮನ ಮದುವೆಗೆ ಹೊರಟದ್ದು, ನಡುನೀರಿನಲ್ಲಿ ದೋಣಿಯವನ ಹುಟ್ಟು ಮುರಿದದ್ದು ಏನೋ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಬಡಿಸಿಕೊಂಡು ಊಟ ಮಾಡಿದೆ, ತಟ್ಟೆ ತೊಳೆದಿಟ್ಟೆ. ದನಿ ಒಂದೇ ಸಮನೆ ಬರುತ್ತಲೇ ಇತ್ತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಾಗಿಲಿಗೆ ಬಂದು ನನ್ನ ಹೆಸರು ಕರೆದರು.

ಅಣ್ಣಯ್ಯನ ಮುಖ ಅವರು ಕೂತಿದ್ದ ಕಡೆಗೇ ಇತ್ತು. ಕೈ ಮುಟ್ಟಿದೆ; ಆಗಲೇ ತಣ್ಣಗಾಗಿತ್ತು. ಯಾವಾಗ ಎಂದು ಕೇಳಿದೆ.

"ನಡುವಿನಲ್ಲೇ," ಎಂದರು ಅತ್ತಿಗೆ. "ನನಗೆ ಗೊತ್ತಾಯ್ತು. ಅರ್ಧಕ್ಕೆ ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ ರಾಘು. ಪೂರ್ತಿ ಹೇಳಿ ಮುಗಿಸಿ ನಿನ್ನನ್ನು ಕರ್ದೆ."

ದೋಣಿ ದಡ ಸೇರಿತೋ, ಅವರು ಮದುವೆಗೆ ಮುಟ್ಟಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅದು ಅವರು ಅಣ್ಣಯ್ಯನಿಗೆ ಹೇಳಿದ್ದು.